ಮೂರನೇ ಸುತ್ತು ದಾಟುವುದು ಹೇಗೆ?

ನಾಲ್ಕು ಸುತ್ತಿನ ಓಟದಲ್ಲಿ ಕಷ್ಟದ ಸುತ್ತು ಯಾವುದು? ಓಡದವರು ‘ಕೊನೆಯದು’ ಎನ್ನುತ್ತಾರೆ. ಓಡಿದವರನ್ನು ಕೇಳಿ, ‘ಮೂರನೆಯದು’ ಎನ್ನುತ್ತಾರೆ. ಮೊದಲ ಸುತ್ತಿಗೆ ಹುರುಪು ಇರುತ್ತದೆ. ಎರಡನೆಯದು ಅದರ ಬಲದಲ್ಲೇ ಸಾಗುತ್ತದೆ. ನಾಲ್ಕನೆಯದರಲ್ಲಿ ಮುಗಿಯುವ ಗೆರೆ ಕಣ್ಣಿಗೆ ಕಾಣುತ್ತದೆ. ಮೂರನೆಯದಕ್ಕೆ ಹುರುಪೂ ಇಲ್ಲ, ಗೆರೆಯೂ ಇಲ್ಲ. ‘ಇವತ್ತಿಗೆ ಸಾಕು, ನಾಳೆ ನೋಡೋಣ’ ಎಂಬ ಮಾತು ತಲೆಯೊಳಗೆ ಹುಟ್ಟುವುದು ಅಲ್ಲಿಯೇ.

ನಾನು ಧಾರವಾಡದ ಸಪ್ತಾಪುರದ ಪಿಜಿಯೊಂದರಲ್ಲಿದ್ದುಕೊಂಡು ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸಿದ್ದೇನೆ. ಎಸ್‌ಎಸ್‌ಸಿ ಜಿಡಿ ಎಂದರೆ ನಮ್ಮಂಥವರಿಗೆ ಬೇಗ ತಿಳಿಯುತ್ತದೆ. ಲಿಖಿತ ಪರೀಕ್ಷೆ ದಾಟಿದವರಿಗೆ ಓಟ. ಹುಡುಗರು 24 ನಿಮಿಷದಲ್ಲಿ 5 ಕಿ.ಮೀ., ಹುಡುಗಿಯರು ಎಂಟೂವರೆ ನಿಮಿಷದಲ್ಲಿ 1.6 ಕಿ.ಮೀ. ಓಡಬೇಕು. ನಮಗೆ ಅದು 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ ಸುಮಾರು 127 ಸೆಕೆಂಡ್. ತಡವಾದರೆ ತಿಂಗಳುಗಟ್ಟಲೆ ಓದಿದ್ದು ಅಲ್ಲಿಗೇ ಮುಗಿಯಿತು. ವಯೋಮಿತಿಯೂ ಹತ್ತಿರ ಬರುತ್ತಿದೆ. ಮನೆಯಲ್ಲಿ ‘ಈ ವರ್ಷವೊಂದು ನೋಡೋಣ’ ಎಂದಿದ್ದಾರೆ. ಆ ಮಾತಿನ ಉಳಿದರ್ಧ ಏನೆಂದು ಮನೆಯಲ್ಲಿ ಮಗಳಾಗಿ ಬೆಳೆದವರಿಗೆ ಹೇಳಬೇಕಿಲ್ಲ.

ನಮ್ಮ ಮೈದಾನಕ್ಕೆ ಬರುವ ಮಾಜಿ ಸೈನಿಕರೊಬ್ಬರು ಎಲ್ಲರ ಟೈಮಿಂಗ್ ಬರೆದಿಡುತ್ತಾರೆ. ಅವರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಒಂದು ದಿನ ನನ್ನ ಸುತ್ತುಗಳನ್ನು ಬಿಡಿಬಿಡಿಯಾಗಿ ತೋರಿಸಿದರು: 118, 132, 147, 130 ಸೆಕೆಂಡ್. ಒಟ್ಟು 8 ನಿಮಿಷ 47 ಸೆಕೆಂಡ್. ‘ಮೂರನೇ ಸುತ್ತಿನ್ಯಾಗ ಕಾಲು ಪೂರಾ ಸೋತಿದ್ದು ಖರೇ ಆಗಿದ್ರ, ನಾಲ್ಕನೇದು ಇನ್ನೂ ತಡ ಆಗಬೇಕಿತ್ತಲ್ಲ ತಂಗಿ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಹುಡುಕಿ ಓದಿದಾಗ, ಇದು ನನ್ನೊಬ್ಬಳ ಕಥೆಯಲ್ಲ ಎಂದು ತಿಳಿಯಿತು. ಒಂದು ಮೈಲಿ ಓಟ, ಅಂದರೆ 1,609 ಮೀಟರ್, ನಮ್ಮ ಓಟದಷ್ಟೇ ದೂರ. ಅದರ ವಿಶ್ವದಾಖಲೆಗಳಲ್ಲೂ ಸಾಮಾನ್ಯವಾಗಿ ನಿಧಾನದ ಸುತ್ತು ಎರಡನೆಯದು ಅಥವಾ ಮೂರನೆಯದು. ಇನ್ನೂ ದೂರವಿದೆ ಎನ್ನುವಾಗ ಮೆದುಳು ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೊನೆ ಕಂಡಾಗ ಬಿಟ್ಟುಕೊಡುತ್ತದೆ ಎಂಬುದು ಕ್ರೀಡಾ ವಿಜ್ಞಾನಿಗಳು ಕೊಡುವ ಒಂದು ವಿವರಣೆ. ದಣಿವು ಸುಳ್ಳಲ್ಲ. ಆದರೆ ಟ್ಯಾಂಕ್ ಖಾಲಿಯಾಗಿಲ್ಲ, ಬೈಕು ರಿಸರ್ವ್‌ಗೆ ಬಂದಿದೆ ಅಷ್ಟೆ. ಹಾಗಾದರೆ ಮೂರನೇ ಸುತ್ತಿನಲ್ಲಿ ಮನಸ್ಸಿಗೆ ಏನಾದರೂ ಕೆಲಸ ಕೊಡಬೇಕು. ನಾನು ಕೊಟ್ಟ ಕೆಲಸಗಳು ಇವು.

ಮೊದಲನೆಯದು ಎಣಿಕೆ. ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡ್‌ಗಳಲ್ಲಿ ಓಡಿದರು. ಆ ದಾಖಲೆ 16 ವರ್ಷ ಉಳಿಯಿತು. ಕಷ್ಟದ ಹೊತ್ತಿನಲ್ಲಿ ಅವರು ಅಂಕಿ ಎಣಿಸುತ್ತಿದ್ದರು. ಮೂರು ಸಲ ನೂರು ಎಣಿಸಿದರೆ ಒಂದು ಮೈಲಿ. ನಾನು ಎಡಗಾಲು ನೆಲಕ್ಕೆ ತಾಗಿದಾಗಲೆಲ್ಲ ಒಂದು ಅಂಕಿ ಎಣಿಸುತ್ತೇನೆ. ಸುತ್ತಿಗೆ ಸುಮಾರು 170 ಬರುತ್ತದೆ. ನೂರು ದಾಟಿದರೆ ಉಳಿದದ್ದು ಎಪ್ಪತ್ತೇ!

ಎರಡನೆಯದು, ನಿಲ್ಲುವ ತೀರ್ಮಾನವನ್ನು ಮುಂದೂಡುವುದು. ‘ನಿಲ್ಲಬೇಡ’ ಎಂದರೆ ಮನಸ್ಸು ಕೇಳುವುದಿಲ್ಲ. ‘ಈ ತಿರುವು ಮುಗಿಯಲಿ, ಆಮೇಲೆ ನಿಲ್ಲು’ ಎಂದರೆ ಒಪ್ಪುತ್ತದೆ. ತಿರುವು ಮುಗಿದ ಮೇಲೆ ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತೇನೆ. ನಾಲ್ಕು ಸಲ ಹೇಳಿದರೆ ಸುತ್ತು ಮುಗಿದಿರುತ್ತದೆ.

ಮೂರನೆಯದು, ‘ನಾನು’ ಬಿಟ್ಟು ‘ನೀನು’ ಎನ್ನುವುದು. ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ನಾನು ಮಾಡಬಲ್ಲೆ’ ಎಂದುಕೊಂಡಾಗಿಗಿಂತ ‘ನೀನು ಮಾಡಬಲ್ಲೆ’ ಎಂದುಕೊಂಡಾಗ ಅದೇ ಜನ 10 ಕಿ.ಮೀ. ಸೈಕ್ಲಿಂಗನ್ನು ಬೇಗ ಮುಗಿಸಿದರು. ನಾನು ನಮ್ಮೂರಿನ ಮಾತಿನಲ್ಲೇ ಹೇಳಿಕೊಳ್ಳುತ್ತೇನೆ: ‘ಓಡವ್ವಾ, ಇನ್ನೊಂದೀಟ ಐತಿ.’ ಇಂಗ್ಲಿಷಿನ ಮೋಟಿವೇಷನ್ ಸಾಲುಗಳಿಗಿಂತ ಇದು ಕಾಲಿಗೆ ಬೇಗ ಮುಟ್ಟುತ್ತದೆ.

ನಾಲ್ಕನೆಯದು ಟ್ರ್ಯಾಕಿಗೆ ಇಳಿಯುವ ಮೊದಲಿನದು. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 90 ನಿಮಿಷ ತಲೆಗೆ ಕೆಲಸ ಕೊಡುವ ಕಂಪ್ಯೂಟರ್ ಪರೀಕ್ಷೆ ಮಾಡಿದವರು ಆಮೇಲೆ ವ್ಯಾಯಾಮದ ಸೈಕಲ್ ತುಳಿಯುವುದನ್ನು ಬೇಗ ನಿಲ್ಲಿಸಿಬಿಟ್ಟರು. ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ನೋಡಿದ ದಿನ ಅವರೇ ಹೆಚ್ಚು ಹೊತ್ತು ತುಳಿದಿದ್ದರು. ಹೃದಯ, ಸ್ನಾಯುಗಳ ಕೆಲಸದಲ್ಲಿ ವ್ಯತ್ಯಾಸವಿರಲಿಲ್ಲ, ಶ್ರಮ ಹೆಚ್ಚೆಂದು ಅನಿಸಿತ್ತು ಅಷ್ಟೆ. ದಿನವಿಡೀ ಗಣಿತ, ರೀಸನಿಂಗ್ ಬಿಡಿಸುವ ನಮಗೆ ಇದು ಮುಖ್ಯ. ಸಂಜೆ ಕ್ಲಾಸ್ ಮುಗಿಸಿ ಓಡುತ್ತಿದ್ದ ನಾನು ಈಗ ಬೆಳಿಗ್ಗೆ ಐದೂವರೆಗೆ, ಪುಸ್ತಕ ತೆರೆಯುವ ಮೊದಲೇ ಓಡುತ್ತೇನೆ.

ಒಂದು ಎಚ್ಚರಿಕೆ. ಈ ಉಪಾಯಗಳು ದಣಿವಿಗೆ ಮಾತ್ರ, ನೋವಿಗಲ್ಲ. ಉಸಿರು ಏರುವುದು, ತೊಡೆ ಭಾರವಾಗುವುದು ದಣಿವು. ಮೊಣಕಾಲಿನಲ್ಲೋ ಮುಂಗಾಲ ಮೂಳೆಯಲ್ಲೋ ಒಂದೇ ಕಡೆ ಚುಚ್ಚುವುದು, ಎದೆ ಹಿಡಿದಂತಾಗುವುದು, ಕಣ್ಣು ಕತ್ತಲೆ ಬರುವುದು ದಣಿವಲ್ಲ. ಆಗ ನಿಲ್ಲಬೇಕು, ವೈದ್ಯರಿಗೆ ತೋರಿಸಬೇಕು.

ಕಳೆದ ವಾರ ಕಾಕಾ ಬರೆದ ಅಂಕಿಗಳು: 124, 126, 129, 120. ಒಟ್ಟು 8 ನಿಮಿಷ 19 ಸೆಕೆಂಡ್. ಮೊದಲ ಸುತ್ತು ಹಿಂದಿಗಿಂತ ನಿಧಾನ, ಮೂರನೆಯದು 18 ಸೆಕೆಂಡ್ ಬೇಗ. ಉಪಾಯಗಳೇ ಎಲ್ಲ ಮಾಡಿದವು ಎನ್ನಲಾರೆ, ದಿನದ ಅಭ್ಯಾಸವಿಲ್ಲದೆ ಯಾವ ಉಪಾಯವೂ ಓಡಿಸುವುದಿಲ್ಲ.

ಕೆಲಸಕ್ಕೆ ತಯಾರಿ ನಡೆಸುವ ವರ್ಷಗಳಿಗೂ ಒಂದು ಮೂರನೇ ಸುತ್ತಿದೆ. ಕೋಚಿಂಗ್ ಸೇರಿದ ಹೊಸ ಹುರುಪು ಆರಿರುತ್ತದೆ, ಆಯ್ಕೆ ಪಟ್ಟಿ ಎಲ್ಲೂ ಕಾಣುತ್ತಿರುವುದಿಲ್ಲ. ಅಲ್ಲಿಯೂ ನಾನೀಗ ವರ್ಷವನ್ನು ಎಣಿಸುವುದಿಲ್ಲ, ಈ ವಾರದ ಪಾಠ ಮುಗಿಯಲಿ ಎನ್ನುತ್ತೇನೆ. ಪರೀಕ್ಷೆಯ ದಿನ ಮೈದಾನದಲ್ಲಿ ಕಿವಿಗೆ ಹಾಡು ಇರುವುದಿಲ್ಲ, ಪಕ್ಕದಲ್ಲಿ ಕಾಕಾ ಇರುವುದಿಲ್ಲ. ಎಡಗಾಲಿಗೊಂದು ಅಂಕಿಯನ್ನು ಮಾತ್ರ ಯಾರೂ ಗೇಟಿನ ಹೊರಗೆ ಇಡು ಎನ್ನಲಾರರು.