ಅಲ್ಪ ವೆಚ್ಚದ ಉತ್ತರಭಾಗವೊಂದರ ಗೆಲುವು

ಕಡಿಮೆ ಬಂಡವಾಳದಲ್ಲಿ, ಮುಖ್ಯವಾಗಿ ಡಿವಿಡಿ ಮಾರುಕಟ್ಟೆಗಾಗಿ ತಯಾರಾದ ಉತ್ತರಭಾಗವೊಂದು ಮೂಲಚಿತ್ರಕ್ಕಿಂತ ಗಟ್ಟಿಯಾಗಿ ನಿಲ್ಲಬಲ್ಲದು ಎಂಬುದಕ್ಕೆ 2010ರ ‘ಅನ್‌ಡಿಸ್ಪ್ಯೂಟೆಡ್ 3: ರಿಡೆಂಪ್ಷನ್’ ಉತ್ತಮ ನಿದರ್ಶನವಾಗಿದೆ.

ವಾಲ್ಟರ್ ಹಿಲ್ 2002ರಲ್ಲಿ ನಿರ್ದೇಶಿಸಿದ ಮೊದಲ ಚಿತ್ರವು ಸೆರೆಮನೆಯ ಬಾಕ್ಸಿಂಗ್ ಕಥೆಯಾಗಿದ್ದರೆ, ಐಸಾಕ್ ಫ್ಲೊರೆಂಟೈನ್ ನಿರ್ದೇಶನದ 2006ರ ಎರಡನೆಯ ಭಾಗವು ಅದನ್ನು ಮಿಶ್ರ ಸಮರಕಲೆಯತ್ತ, ಅಂದರೆ ಗುದ್ದು, ಒದೆತ, ಕುಸ್ತಿಯ ಪಟ್ಟುಗಳೆಲ್ಲವೂ ಸಲ್ಲುವ ಕಾಳಗದತ್ತ ಹೊರಳಿಸಿ, ಸ್ಕಾಟ್ ಆಡ್ಕಿನ್ಸ್ ನಟಿಸಿದ ಯೂರಿ ಬೊಯ್ಕಾ ಎಂಬ ಖಳನನ್ನು ಪರಿಚಯಿಸಿತು. ಫ್ಲೊರೆಂಟೈನ್ ಅವರೇ ನಿರ್ದೇಶಿಸಿದ ಮೂರನೆಯ ಭಾಗದಲ್ಲಿ, ಹಿಂದಿನ ಕಾಳಗದಲ್ಲಿ ಮೊಣಕಾಲು ಮುರಿದುಕೊಂಡ ಆ ಖಳನೇ ನಾಯಕನಾಗಿ, ಗೆದ್ದ ಕೈದಿಗೆ ಬಿಡುಗಡೆಯ ಆಸೆ ತೋರಿಸುವ ಟೂರ್ನಿಗೆ ಇಳಿಯುತ್ತಾನೆ.

ಸೋತವನು ಹೊರಬಿದ್ದು ಗೆದ್ದವನು ಮುಂದಿನ ಸುತ್ತಿಗೆ ಏರುವ ಟೂರ್ನಿಯ ಚೌಕಟ್ಟು ಅಲ್ಪ ವೆಚ್ಚದ ಚಿತ್ರಕ್ಕೆ ವರದಾನವಾಗುತ್ತದೆ. ಏಕೆಂದರೆ ಒಂದೇ ಅಖಾಡವು ಹಲವು ಕಾಳಗಗಳಿಗೆ ಸಾಲುತ್ತದೆ, ಪ್ರತಿಯೊಬ್ಬನ ಹೋರಾಟದ ಶೈಲಿಯೇ ಅವನ ಪಾತ್ರಪರಿಚಯವೂ ಆಗುತ್ತದೆ. ಲತೀಫ್ ಕ್ರೌಡರ್ ಇಲ್ಲಿ ಕಪೊಯೆರಾವನ್ನು, ಅಂದರೆ ನೃತ್ಯದ ಲಯದಲ್ಲೇ ಒದೆತವನ್ನು ಅಡಗಿಸುವ ಬ್ರೆಜಿಲ್‌ನ ಸಮರಕಲೆಯನ್ನು ಪ್ರದರ್ಶಿಸಿದರೆ, ಚಿಲಿ ದೇಶದ ಮಾರ್ಕೊ ಸರೋರ್ ದೈತ್ಯದೇಹದವನಾಗಿಯೂ ಗಾಳಿಯಲ್ಲಿ ಲಾಗಹಾಕಿ ಒದೆಯುತ್ತಾನೆ.

ಸಾಹಸ ಸಂಯೋಜಕ ಲಾರ್ನೆಲ್ ಸ್ಟೋವಾಲ್ ರೂಪಿಸಿದ ಈ ಕಾಳಗಗಳಲ್ಲಿ ಕ್ಯಾಮೆರಾ ಹಿಂದೆ ಸರಿದು ಹೋರಾಟಗಾರರ ಇಡೀ ದೇಹವನ್ನು ಚೌಕಟ್ಟಿನೊಳಗೆ ಹಿಡಿಯುವುದರಿಂದ, ಕಾಲು ನೆಲ ಬಿಟ್ಟ ಕ್ಷಣದಿಂದ ಏಟು ಬೀಳುವವರೆಗಿನ ಚಲನೆ ಪ್ರೇಕ್ಷಕನಿಗೆ ಸ್ಪಷ್ಟವಾಗಿ ಕಾಣುತ್ತದೆ. ಅಂತಿಮ ಸುತ್ತಿನಲ್ಲಿ ಎದುರಾಳಿಯು ಬೊಯ್ಕಾನ ಹಿಂದೆ ಮುರಿದಿದ್ದ ಮೊಣಕಾಲಿಗೇ ಗುರಿಯಿಟ್ಟಾಗ, ಕಥೆ ಮತ್ತು ಕಾಳಗ ಒಂದಾಗುತ್ತವೆ. ಹಣದ ಕೊರತೆಯನ್ನು ನುರಿತ ದೇಹಗಳೂ ಸ್ಪಷ್ಟವಾದ ಚಿತ್ರಣವೂ ತುಂಬಿಕೊಡಬಲ್ಲವೆಂಬುದನ್ನು ಈ ಚಿತ್ರ ಸಾಧಿಸಿ ತೋರಿಸುತ್ತದೆ.