ಗುಂಪು ಚಿಕಿತ್ಸೆ: ಸದಸ್ಯರು ಹೊರಗೆ ಎದುರಾದಾಗ

ತುಮಕೂರಿಗೆ ಸಮೀಪದ ಗೂಳೂರಿನಲ್ಲಿ ಗಣಪತಿ ಉತ್ಸವ ನಡೆಯುವಾಗ ಸುತ್ತಮುತ್ತಲ ಊರಿನವರೆಲ್ಲ ಅಲ್ಲಿ ಸೇರುತ್ತಾರೆ. ಹಾಗೆ ಬಂದವರಲ್ಲಿ ಇಬ್ಬರು ಒಂದೇ ಚಿಕಿತ್ಸಾ ಗುಂಪಿನ ಸದಸ್ಯರೆಂದು ಭಾವಿಸಿ. ಒಬ್ಬರ ಜೊತೆ ಮನೆಯವರಿದ್ದಾರೆ. ಮಾತನಾಡಿಸಬೇಕೇ, ನೋಡದಂತೆ ಹೋಗಬೇಕೇ?

ಮೊದಲು ಗುಂಪು ಚಿಕಿತ್ಸೆ ಎಂದರೇನು ಎಂಬುದನ್ನು ತಿಳಿಯೋಣ. ಸಾಮಾನ್ಯವಾಗಿ 5ರಿಂದ 10 ಮಂದಿ ಚಿಕಿತ್ಸಕರ ಸಮ್ಮುಖದಲ್ಲಿ ನಿಗದಿಯಾದ ದಿನ ಕುಳಿತು, ತಮ್ಮ ಮನಸ್ಸಿನ ಕಷ್ಟಗಳನ್ನು ಹೇಳಿಕೊಂಡು, ಒಬ್ಬರಿಂದೊಬ್ಬರು ಕಲಿಯುವ ಕ್ರಮವಿದು. 1905ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಪ್ರಾಟ್ ಕ್ಷಯರೋಗಿಗಳಿಗಾಗಿ ನಡೆಸಿದ ತರಗತಿಗಳನ್ನು ಇದರ ಮೊದಲ ಹೆಜ್ಜೆಯೆನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮದ್ಯವ್ಯಸನದ ಚಿಕಿತ್ಸೆಗೂ ಈ ಕ್ರಮ ಬಳಕೆಯಲ್ಲಿದೆ.

ಸದಸ್ಯರು ಹೊರಗೆ ಆಪ್ತರಾದರೆ ತಪ್ಪೇನು? ಗುಂಪಿನಲ್ಲಿ ಆಡಬೇಕಾದ ಮಾತು ಕಾಫಿ ಹೋಟೆಲಿನಲ್ಲೇ ಮುಗಿದುಹೋಗುತ್ತದೆ. ಗೆಳೆಯನ ತಪ್ಪನ್ನು ಎಲ್ಲರೆದುರು ಹೇಳಲು ನಾಲಗೆ ಏಳುವುದಿಲ್ಲ. ಉಳಿದವರಿಗೆ ತಾವು ಹೊರಗುಳಿದೆವೆಂಬ ನೋವು. ಸಾಲವೋ ಪ್ರೇಮವೋ ಸೇರಿಕೊಂಡರೆ ತೊಡಕು ಮತ್ತಷ್ಟು. ಆದರೆ ಮನೋವೈದ್ಯ ಇರ್ವಿನ್ ಯಾಲೋಮ್ ಒಂದು ಸೂಕ್ಷ್ಮವನ್ನು ಗುರುತಿಸಿದರು: ಭೇಟಿಗಿಂತ, ಅದನ್ನು ಗುಂಪಿನಿಂದ ಮುಚ್ಚಿಡುವುದೇ ಹೆಚ್ಚು ಹಾನಿಕರ. ಆದ್ದರಿಂದಲೇ ಅನೇಕ ಚಿಕಿತ್ಸಕರು, ಹೊರಗೆ ಭೇಟಿಯಾದರೆ ಮುಂದಿನ ಸಭೆಯಲ್ಲಿ ತಿಳಿಸಿ ಎನ್ನುತ್ತಾರೆ.

ಎಲ್ಲ ಗುಂಪುಗಳಿಗೂ ಒಂದೇ ನಿಯಮವಲ್ಲ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದಲ್ಲಿ ಚಿಕಿತ್ಸಕರಿಲ್ಲ. ಕುಡಿತ ಬಿಟ್ಟವರೇ ಬಿಡಬೇಕೆನ್ನುವವರಿಗೆ ಆಸರೆ. ಕುಡಿಯುವ ಆಸೆ ಕಾಡಿದಾಗ ಜೊತೆಗಾರರಿಗೆ ಫೋನ್ ಮಾಡುವುದೇ ಅಲ್ಲಿನ ಬಲ.

ಇನ್ನು ಗುಟ್ಟಿನ ವಿಚಾರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವ ಹೊಣೆಯನ್ನು ಚಿಕಿತ್ಸೆ ನೀಡುವವರ ಮೇಲೆ ಹೊರಿಸಿದೆ. ಸಹಸದಸ್ಯರನ್ನು ಕಟ್ಟಿಹಾಕುವುದು ಮಾತ್ರ ಅವರು ಕೊಟ್ಟ ಮಾತು. ಒಬ್ಬರು ಬಾಯಿ ತಪ್ಪಿದರೂ ಇನ್ನೊಬ್ಬರ ಮದುವೆ, ಕೆಲಸ, ಓದು ಕೆಡಬಹುದು.

ಹಾಗಾದರೆ ಉತ್ಸವದಲ್ಲಿ ಎದುರಾದವರು ಏನು ಮಾಡಬೇಕು? ಮನೆಯವರ ಮುಂದೆ ತಾವಾಗಿ ಪರಿಚಯ ಹೇಳಿಕೊಳ್ಳಬಾರದು. ಆ ಕಡೆಯವರು ನಕ್ಕರೆ ನಗುವುದು, ಮಾತನಾಡಿಸಿದರೆ ಮಾತನಾಡುವುದು. ಚಿಕಿತ್ಸೆಯ ವಿಷಯ ಎತ್ತದಿರುವುದು. ಸುಮ್ಮನೆ ಹೋದರೆ ಅದನ್ನು ಅವಮಾನವೆಂದು ತಿಳಿಯದಿರುವುದು. ಊರು ಚಿಕ್ಕದಾದಷ್ಟೂ ಇಂಥ ಭೇಟಿ ಸಹಜ. ಗುಂಪಿಗೆ ಸೇರುವ ದಿನವೇ ಈ ನಿಯಮಗಳನ್ನು ಕೇಳಿ ತಿಳಿದುಕೊಳ್ಳುವುದು ಲೇಸು.

ನಿಮಗೋ ನಿಮ್ಮ ಸಹಪಾಠಿಗೋ ಮನಸ್ಸು ಭಾರವಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತನಾಡಬಹುದು.