ನಾಲ್ಕು ದಾರಿ ಕೂಡುವಲ್ಲಿ ನಿಂತ ದೆವ್ವ

ಕಾಲು ಮುರಿದುಕೊಂಡ ಹುಡುಗಿಯೊಬ್ಬಳು ಅಪಾರ್ಟ್‌ಮೆಂಟಿನ ಕೋಣೆಯಲ್ಲಿ ಒಂಟಿಯಾಗಿದ್ದಾಳೆ. ಹೆಸರು ಪಿನ್. ಟ್ಯಾಕ್ಸಿ ಅಪಘಾತದಲ್ಲಿ ಪೆಟ್ಟಾಗಿ ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ. ಕೆಲಸಕ್ಕೆ ಹೋಗುವಂತಿಲ್ಲ, ಮೆಟ್ಟಿಲಿಳಿಯುವಂತಿಲ್ಲ. ಹೊರಗಿನ ಲೋಕದೊಡನೆ ಉಳಿದಿರುವ ನಂಟೆಂದರೆ ಕೈಯಲ್ಲಿರುವ ಮೊಬೈಲ್ ಒಂದೇ. ಒಂದು ರಾತ್ರಿ ಗುರುತಿಲ್ಲದ ನಂಬರಿನಿಂದ ಸಂದೇಶ ಬರುತ್ತದೆ, ಸ್ನೇಹ ಬೇಕೆಂದು. ಬೇಸರ ಕಳೆಯಲು ಇವಳು ಉತ್ತರಿಸುತ್ತಾಳೆ. ತಾನು ತೀರಾ ಇಕ್ಕಟ್ಟಾದ ಜಾಗದಲ್ಲಿದ್ದೇನೆ, ಇಲ್ಲಿಗೆ ಬಂದು 100 ದಿನವಾಯಿತು ಎನ್ನುತ್ತಾನೆ ಆ ಕಡೆಯವನು. ಫೋಟೊ ಕೇಳುತ್ತಾನೆ, ಕಳಿಸುತ್ತಾಳೆ. ನಿನ್ನದನ್ನೂ ಕಳಿಸು ಎಂದರೆ ಅವಳದೇ ಫೋಟೊ ತಿರುಗಿ ಬರುತ್ತದೆ. ಇದರಲ್ಲಿ ನಾನೊಬ್ಬಳೇ ಇದ್ದೇನಲ್ಲ ಎಂದು ಕೇಳಿದರೆ, ಪಕ್ಕದಲ್ಲಿ ನಾನೂ ಇದ್ದೇನಲ್ಲ ಎಂಬ ಉತ್ತರ.

2008ರಲ್ಲಿ ತೆರೆಕಂಡ ಥಾಯ್ಲೆಂಡಿನ ಚಿತ್ರವೊಂದರ ಮೊದಲ ಕಥೆ ಇದು. ನಾಲ್ವರು ನಿರ್ದೇಶಕರು ಒಂದೊಂದರಂತೆ ಮಾಡಿದ ನಾಲ್ಕು ದೆವ್ವದ ಕಥೆಗಳನ್ನು ಒಂದೇ ಚಿತ್ರವಾಗಿ ಪೋಣಿಸಿದ್ದಾರೆ. ಭಯಕ್ಕೆ ಇಂಗ್ಲಿಷಿನಲ್ಲಿರುವ ‘ಫೋಬಿಯಾ’ ಎಂಬ ಮಾತಿನ ಮೊದಲಲ್ಲಿ 4ರ ಅಂಕಿ ಕೂರಿಸಿ ಹೊರದೇಶಗಳಿಗೆ ಹೆಸರಿಟ್ಟರು. ಜಾಣತನವೇನೋ ಸರಿ. ಆದರೆ ಥಾಯ್ ಹೆಸರೇ ಹೆಚ್ಚು ಅರ್ಥವುಳ್ಳದ್ದು: ‘ಸೀ ಪ್ರ್ಯಾಂಗ್’. ‘ಸೀ’ ಎಂದರೆ ನಾಲ್ಕು, ‘ಪ್ರ್ಯಾಂಗ್’ ಎಂದರೆ ಕವಲು. ನಾಲ್ಕು ದಾರಿ ಕೂಡುವ ಜಾಗ.

ದಾರಿ ಕೂಡುವ ಜಾಗಕ್ಕೂ ದೆವ್ವಕ್ಕೂ ಏನು ಸಂಬಂಧ ಎಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಮಗುವಿಗೆ ದೃಷ್ಟಿ ತೆಗೆದ ಉಪ್ಪು, ಮೆಣಸಿನಕಾಯಿಯನ್ನು ಮೂರು ದಾರಿ ಸೇರುವಲ್ಲಿ ಚೆಲ್ಲಿ, ಹಿಂದಿರುಗಿ ನೋಡದೆ ಮನೆಗೆ ಬರುವ ಅಜ್ಜಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಥಾಯ್ಲೆಂಡಿನ ಹಳ್ಳಿಗಳಲ್ಲೂ ರೋಗರುಜಿನ ಕಾಡಿದಾಗ ಬಾಳೆಪಟ್ಟೆಯ ತಟ್ಟೆಯಲ್ಲಿ ದೆವ್ವಕ್ಕೆ ಎಡೆಯಿಟ್ಟು ಒಯ್ದಿಡುವುದು ಮೂರು ಕವಲಿನ ದಾರಿಗೇ. ಇಲ್ಲಿಯವರೂ ಅಲ್ಲಿಯವರೂ ಯಾರಿಂದ ಯಾರು ಕಲಿತರೋ, ಅದಿರಲಿ.

ಥಾಯ್ ಭಾಷೆಯಲ್ಲಿ ದೆವ್ವಕ್ಕೆ ‘ಫೀ’ ಎನ್ನುತ್ತಾರೆ. ಅದು ಅವರ ಸ್ವಂತ ಮಾತು. ಆದರೆ ದೆವ್ವ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಅವರು ಕೊಡುವ ಉತ್ತರದ ಮಾತು ನಮ್ಮದೇ: ಕರ್ಮ. ಅವರ ಉಚ್ಚಾರದಲ್ಲಿ ‘ಕಮ್’. ಮಾಡಿದ್ದನ್ನು ಉಣ್ಣಲೇಬೇಕು, ಸತ್ತವರಿಗೆ ಕೊಡಬೇಕಾದ್ದು ಬಾಕಿಯಿದ್ದರೆ ಅವರು ಬಂದು ಕೇಳುತ್ತಾರೆ. ಥಾಯ್ ಭಯದ ಚಿತ್ರಗಳಲ್ಲಿ ದೆವ್ವವೆಂದರೆ ಬಹುಮಟ್ಟಿಗೆ ಸಾಲ ವಸೂಲಿಗೆ ಬಂದ ಮನುಷ್ಯ. ಆ ಲೆಕ್ಕಕ್ಕೆ ಒಪ್ಪುವ ಕಥೆಗಳನ್ನೂ ಒಪ್ಪದ ಕಥೆಗಳನ್ನೂ ‘ಸೀ ಪ್ರ್ಯಾಂಗ್’ ಅಕ್ಕಪಕ್ಕ ಇಡುತ್ತದೆ. ಅದಕ್ಕಾಗಿಯೇ ಈ ಚಿತ್ರವನ್ನು ಇಂದಿಗೂ ಕುಳಿತು ನೋಡಬೇಕು.

ಲೆಕ್ಕಕ್ಕೆ ಒಪ್ಪುವವು ಎರಡು. ಎರಡನೆಯ ಕಥೆಯ ಥಾಯ್ ಹೆಸರಿಗೆ ‘ಸಾವನ್ನು ಆಜ್ಞಾಪಿಸುವ ಯಂತ್ರ’ ಎಂಬ ಅರ್ಥವಿದೆ. ಯಂತ್ರವೆಂದರೆ ಇಲ್ಲಿ ಕಾರ್ಖಾನೆಯದಲ್ಲ, ತಾಯಿತದೊಳಗೆ ಮಡಿಸಿಡುವ ಯಂತ್ರ. ಸಹಪಾಠಿಗಳ ಕಾಟ ತಾಳಲಾರದ ಹುಡುಗ ಮಾಟಕ್ಕೆ ಮೊರೆಹೋಗುತ್ತಾನೆ, ಕಾಡಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ನಿರ್ದೇಶಕ ಪವೀನ್ ಪುರಿಕಿತ್‌ಪನ್ಯ ಕ್ಯಾಮೆರಾವನ್ನು ಒಂದು ಕ್ಷಣ ಸುಮ್ಮನಿರಗೊಡುವುದಿಲ್ಲ. ನಾಲ್ಕರಲ್ಲಿ ಬೇಗ ಮರೆತುಹೋಗುವುದು ಇದೇ.

ಪಾರ್ಕ್‌ಪೂಮ್ ವೊಂಗ್‌ಪೂಮ್ ನಿರ್ದೇಶಿಸಿದ ಕೊನೆಯ ಕಥೆ ಹಾಗಲ್ಲ. ರಾಜಕುಮಾರಿಯೊಬ್ಬಳ ಗಂಡನೊಡನೆ ಗುಟ್ಟಿನ ಸಂಬಂಧವಿರುವ ಗಗನಸಖಿ ಪಿಮ್. ವಿಮಾನದಲ್ಲಿ ಅದೇ ರಾಜಕುಮಾರಿಯ ಸೇವೆಗೆ ನಿಲ್ಲಬೇಕಾಗುತ್ತದೆ. ಆಕೆ ತೀರಿಕೊಳ್ಳುತ್ತಾಳೆ. ಶವವನ್ನು ತಾಯ್ನಾಡಿಗೆ ಒಯ್ಯುವ ವಿಮಾನದಲ್ಲೂ ಪಿಮ್ ಒಬ್ಬಳೇ ಗಗನಸಖಿ. ಬಿಳಿ ಬಟ್ಟೆ ಸುತ್ತಿದ ದೇಹವನ್ನು ಪ್ರಯಾಣಿಕರ ಆಸನದಲ್ಲೇ ಬೆಲ್ಟು ಬಿಗಿದು ಇಟ್ಟಿದ್ದಾರೆ. ಹೊರಗೆ ಗಾಳಿ, ಒಳಗೆ ಖಾಲಿ ಸೀಟುಗಳ ಸಾಲು. ಓಡಿಹೋಗಲು ಬಾಗಿಲಿಲ್ಲ. ಮುಂದಿನದನ್ನು ಹೇಳುವುದಿಲ್ಲ, ನೋಡುವವರು ನೋಡಿಕೊಳ್ಳಲಿ.

ಈಗ ಮತ್ತೆ ಪಿನ್ ಕೋಣೆಗೆ ಬರೋಣ. ನಾವು ಕಣ್ಣಾರೆ ಕಾಣುವಂತೆ ಅವಳು ಮಾಡಿದ್ದಿಷ್ಟೇ, ಒಂದು ಸಂದೇಶಕ್ಕೆ ಉತ್ತರ ಕೊಟ್ಟದ್ದು. ಥಾಯ್ ಬೌದ್ಧರಲ್ಲಿ ಸತ್ತವರ ಹೆಸರಿನಲ್ಲಿ 7ನೆಯ, 50ನೆಯ, 100ನೆಯ ದಿನ ಭಿಕ್ಷುಗಳಿಗೆ ದಾನ ಮಾಡಿ ಪುಣ್ಯವನ್ನು ಧಾರೆಯೆರೆಯುತ್ತಾರೆ. ಹಾಗಾಗಿ ‘100 ದಿನವಾಯಿತು’ ಎಂಬ ಸಂದೇಶ ಓದಿದಾಗ ನಮಗೆ ಏನೂ ಅನ್ನಿಸದಿರಬಹುದು. ಬ್ಯಾಂಕಾಕಿನ ಪ್ರೇಕ್ಷಕನ ಎದೆ ಆಗಲೇ ಝಲ್ಲೆಂದಿರುತ್ತದೆ. ಸತ್ತವನು ಸೇಡಿಗೆ ಬಂದಿಲ್ಲ, ಜೊತೆ ಬೇಕೆಂದು ಬಂದಿದ್ದಾನೆ. ಬದುಕಿರುವವಳಿಗೂ ಬೇಕಾಗಿದ್ದುದು ಅದೇ. ಯೊಂಗ್ಯುತ್ ಥೊಂಗ್‌ಕೊಂಥುನ್ ಇಡೀ ಕಥೆಯನ್ನು ಹೆಚ್ಚುಕಡಿಮೆ ಮಾತೇ ಇಲ್ಲದೆ ಹೇಳಿದ್ದಾರೆ. ಫೋನಿನ ಬೀಪ್ ಸದ್ದು, ಪರದೆಯ ಬೆಳಕು, ಕಿಟಕಿಯಾಚೆ ನಗರ. ಅಷ್ಟೊಂದು ಜನರಿರುವ ನಗರದಲ್ಲಿ ಅವಳ ಜೊತೆ ಮಾತನಾಡುವವನು ಸತ್ತವನೊಬ್ಬನೇ!

ಲೆಕ್ಕಕ್ಕೆ ಸಿಗದ ಇನ್ನೊಂದು ಕಥೆ ಬನ್‌ಜೊಂಗ್ ಪಿಸಂತನಕುನ್ ಅವರದು. ಈತ ಮತ್ತು ಪಾರ್ಕ್‌ಪೂಮ್ ಹಳೆಯ ಜೋಡಿ. ಥಾಯ್ ಭಯದ ಚಿತ್ರಗಳಿಗೆ ಹೊರದೇಶಗಳ ಬಾಗಿಲು ತೆರೆದ ‘ಶಟರ್’ (2004) ಇವರಿಬ್ಬರದು. ಸಯಾಮಿ ಅವಳಿಗಳ ಕಥೆಯಾದ ‘ಅಲೋನ್’ (2007) ಕೂಡ. ಪ್ರಿಯಾಮಣಿ ಅವಳಿ ಸಹೋದರಿಯರಾಗಿ ನಟಿಸಿದ ಕನ್ನಡದ ‘ಚಾರುಲತಾ’ (2012) ಆ ‘ಅಲೋನ್’ನಿಂದಲೇ ಹುಟ್ಟಿದ್ದು.

ಬನ್‌ಜೊಂಗ್ ಕಥೆಯಲ್ಲಿ ನಾಲ್ವರು ಗೆಳೆಯರು ಕಾಡಿಗೆ ಹೋಗಿ ಒಂದೇ ಡೇರೆಯಲ್ಲಿ ಮಲಗುತ್ತಾರೆ. ದೆವ್ವದ ಮಾತು ಬರುತ್ತದೆ. ತುದಿಯಲ್ಲಿ ಮಲಗಲು ಎಲ್ಲರಿಗೂ ಅಂಜಿಕೆ. ನಾನು ಸತ್ತರೆ ಮೊದಲು ನಡುವೆ ಮಲಗಿದವನನ್ನೇ ಹಿಡಿಯುತ್ತೇನೆ ಎಂದು ಏಯ್ ಎಂಬವನು ತಮಾಷೆ ಮಾಡುತ್ತಾನೆ. ಮರುದಿನ ರಬ್ಬರ್ ದೋಣಿ ಮಗುಚಿ ಏಯ್ ಕಾಣೆಯಾಗುತ್ತಾನೆ. ರಾತ್ರಿ ಡೇರೆಗೆ ಮರಳಿ ಬರುತ್ತಾನೆ. ಬಂದವನು ಮನುಷ್ಯನೋ ಅಲ್ಲವೋ? ಇದರ ನಡುವೆಯೇ ಹುಡುಗರು ತಾವು ನೋಡಿದ ಭಯದ ಚಿತ್ರಗಳ ಅಂತ್ಯಗಳನ್ನು ಚರ್ಚಿಸುತ್ತಾರೆ; ನಿರ್ದೇಶಕರದೇ ‘ಶಟರ್’ ಕೂಡ ಬಂದುಹೋಗುತ್ತದೆ. ನಗುತ್ತ ನಗುತ್ತಲೇ ಬೆನ್ನು ತಣ್ಣಗಾಗುತ್ತದೆ. ಇಲ್ಲಿ ಯಾರೂ ಪಾಪ ಮಾಡಿದವರಲ್ಲ. ಗೆಳೆಯ ದೆವ್ವವಾದರೆ ಅವನು ಇನ್ನೂ ಗೆಳೆಯನೇ ಎಂಬುದಷ್ಟೇ ಪ್ರಶ್ನೆ.

ಹಲವು ಕಥೆಗಳ ಚಿತ್ರ ನಮಗೆ ಹೊಸತಲ್ಲ. ಪುಟ್ಟಣ್ಣ ಕಣಗಾಲರ ‘ಕಥಾ ಸಂಗಮ’ (1976) ಮೂರು ಕಥೆಗಳನ್ನು ಹೆಣೆದಿತ್ತು. ದೆವ್ವದ ಕಥೆಗಂತೂ ಈ ಅಳತೆ ಹೇಳಿ ಮಾಡಿಸಿದ್ದು. ಎರಡು ಗಂಟೆ ಹೆದರಿಸಬೇಕಾದರೆ ದೆವ್ವದ ಪೂರ್ವಕಥೆ, ಪರಿಹಾರ, ಪೂಜೆ ಎಲ್ಲ ಬೇಕು. ಅರ್ಧ ಗಂಟೆಯಲ್ಲಾದರೆ ಕಾರಣವನ್ನು ಹೇಳದೆಯೂ ಬಿಡಬಹುದು.

ಮರುವರ್ಷ, 2009ರಲ್ಲಿ, ಐದು ಕಥೆಗಳ ‘ಹಾ ಪ್ರ್ಯಾಂಗ್’ ಬಂತು, ಐದು ದಾರಿ ಕೂಡುವ ಜಾಗ. ಇದರ ಮೊದಲ ಕಥೆಯಲ್ಲಿ ಲೆಕ್ಕದ ಪುಸ್ತಕ ಮತ್ತೆ ತೆರೆಯುತ್ತದೆ. ರಾತ್ರಿ ಹೊತ್ತು ಕಾರುಗಳಿಗೆ ಕಲ್ಲೆಸೆದು ದೋಚುವ ಹುಡುಗನ ಒಂದು ಕಲ್ಲು ಸ್ವಂತ ತಂದೆಯ ಕಾರಿಗೇ ಬಿದ್ದಿದೆ. ತಲೆಮರೆಸಿಕೊಳ್ಳಲು ಅವನಿಗೆ ಕಾವಿ ತೊಡಿಸಿ ಕಾಡಿನ ವಿಹಾರದಲ್ಲಿ ಬಿಡುತ್ತಾರೆ. ಅಲ್ಲಿ ಅವನನ್ನು ಕಾಡುವುದು ‘ಪ್ರೇತ್’, ನಮ್ಮ ಪ್ರೇತವೇ. ಥಾಯ್ ಕಲ್ಪನೆಯ ಪ್ರೇತ ತಾಳೆಮರದಷ್ಟು ಎತ್ತರ, ಅಂಗೈ ತಾಳೆಗರಿಯಷ್ಟು ಅಗಲ, ಬಾಯಿ ಮಾತ್ರ ಸೂಜಿಯ ಕಣ್ಣಿನಷ್ಟು. ಎಷ್ಟು ಕೊಟ್ಟರೂ ಹಸಿವು ತೀರದು. ಹೆತ್ತವರ ಮೇಲೆ ಕೈಮಾಡಿದವರು ಪ್ರೇತವಾಗುತ್ತಾರೆ ಎಂದು ಅಲ್ಲಿ ಮಕ್ಕಳಿಗೆ ಹೇಳುತ್ತಾರೆ. ದಕ್ಷಿಣದ ನಖೋನ್ ಸಿ ಥಮ್ಮರಾಟ್‌ನಲ್ಲಿ (ಹೆಸರಿನ ಮೂಲ ‘ನಗರ ಶ್ರೀ ಧರ್ಮರಾಜ’) ಹತ್ತನೆಯ ತಿಂಗಳ ಕೃಷ್ಣಪಕ್ಷದಲ್ಲಿ, ಹೆಚ್ಚುಕಡಿಮೆ ನಮ್ಮ ಪಿತೃಪಕ್ಷದ ದಿನಗಳಲ್ಲೇ, ಪ್ರೇತಗಳಿಗೆ ಎಡೆಯಿಡುತ್ತಾರೆ.

ಈ ಚಿತ್ರಗಳನ್ನು ನಿರ್ಮಿಸಿದ ಜಿಟಿಎಚ್ ಸಂಸ್ಥೆ 2015ರ ಕೊನೆಗೆ ಮುಚ್ಚಿತು. ಆದರೆ ಡೇರೆಯ ನಾಲ್ವರು ಗೆಳೆಯರು ಅಷ್ಟು ಬೇಗ ಹೋಗಲಿಲ್ಲ. ‘ಹಾ ಪ್ರ್ಯಾಂಗ್’ನ ಕೊನೆಯ ಕಥೆಯಲ್ಲಿ ಅದೇ ನಟರು ಮತ್ತೆ ಬಂದರು. 2013ರಲ್ಲಿ ಬನ್‌ಜೊಂಗ್ ಅವರನ್ನೇ ‘ಫೀ ಮಾಕ್’ ಚಿತ್ರಕ್ಕೆ ಕರೆದೊಯ್ದರು. ಅದು ಥಾಯ್ಲೆಂಡಿನಲ್ಲಿ ಮಕ್ಕಳಿಗೂ ಗೊತ್ತಿರುವ ಮೇ ನಾಕ್ ಕಥೆ. ಗಂಡ ಯುದ್ಧಕ್ಕೆ ಹೋದಾಗ ಹೆರಿಗೆಯಲ್ಲಿ ಮಗುವಿನೊಡನೆ ಸತ್ತವಳು, ಅವನು ಮರಳಿದಾಗ ಏನೂ ಆಗದವಳಂತೆ ಸಂಸಾರ ನಡೆಸುತ್ತಾಳೆ. ಒಂದು ದಿನ ಅಟ್ಟದ ಮನೆಯಿಂದ ನಿಂಬೆಹಣ್ಣು ಕೆಳಗೆ ಬೀಳುತ್ತದೆ. ಅವಳು ಕೂತಲ್ಲಿಂದಲೇ ಕೈ ಉದ್ದ ಮಾಡಿ ಎತ್ತಿಕೊಂಡಾಗ ಗಂಡನಿಗೆ ತಿಳಿಯುತ್ತದೆ. ಬನ್‌ಜೊಂಗ್ ಇದನ್ನು ನಗೆಯ ಕಥೆಯಾಗಿಸಿದರು. ಅಲ್ಲಿಯವರೆಗಿನ ಎಲ್ಲ ಥಾಯ್ ಚಿತ್ರಗಳ ಗಳಿಕೆಯನ್ನು ಅದು ಹಿಂದಿಕ್ಕಿತು.

ಬ್ಯಾಂಕಾಕಿನ ಮಹಾಬುತ್ ವಿಹಾರದಲ್ಲಿ ಮೇ ನಾಕ್‌ಗೆ ಗುಡಿಯಿದೆ. ಜನ ಅವಳಿಗೆ ಸೀರೆಯಂಥ ರೇಷ್ಮೆ ಉಡುಪು, ಮಗುವಿಗೆ ಆಟಿಕೆ ತಂದಿಡುತ್ತಾರೆ. ಅವಳಿಗೆ ಬೇಸರವಾಗದಿರಲೆಂದು ಮೂರ್ತಿಯ ಎದುರು ಟಿ.ವಿ. ಹಚ್ಚಿಡುವ ರೂಢಿಯೂ ಇದೆ.